ಹಾಗಲಕಾಯಿ ಟೈರ್ ಒಲ್ಲದ ಕಾಕಾ

ನಮ್ಮ ಕಾಕಾನ ತಲೆಯಲ್ಲಿ ಮಿದುಳಿಲ್ಲ, ಬರೀ ಡಾಂಬರು ತುಂಬಿದೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಇದನ್ನು ನಾನು ಸುತರಾಂ ಒಪ್ಪುವುದಿಲ್ಲ. ಸ್ವಂತ ಅಣ್ಣನ ಮಗಳಾಗಿ ಅವರನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಮಿದುಳು ಖಂಡಿತ ಇದೆ. ಅದರ ಮೇಲೆ ಡಾಂಬರು ಹಾಕಿಸಿಕೊಂಡಿದ್ದಾರೆ, ಅಷ್ಟೆ!

ಕಾಕಾ ಇಡೀ ನೌಕರಿಯನ್ನು ಸರಕಾರಿ ಬಸ್ಸಿನ ಸ್ಟೇರಿಂಗ್ ಹಿಂದೆ ಕಳೆದವರು. ಬೀದರ್‌ನಿಂದ ಔರಾದ್, ಔರಾದ್‌ನಿಂದ ಬೀದರ್, ಬಾಯಿರುಚಿ ಬದಲಾಗಲೆಂಬಂತೆ ಆಗಾಗ ಭಾಲ್ಕಿ. ಇಂಥವರು ನಿವೃತ್ತರಾದ ಮೇಲೆ ಏನು ಮಾಡಬೇಕು? ಕಟ್ಟೆಯ ಮೇಲೆ ಕೂತು ಪೇಪರ್ ಓದಬೇಕು. ತರಕಾರಿ ತರಲು ಒಂದು ಸ್ಕೂಟಿ ಇಟ್ಟುಕೊಳ್ಳಬೇಕು. ಕಾಕಾ ತಂದದ್ದೇನು? ಒಂಟೆ! ಅಂದರೆ ಒಂಟೆಯಷ್ಟೇ ಎತ್ತರದ, ಮೂತಿಯನ್ನು ಹದ್ದಿನ ಕೊಕ್ಕಿನಂತೆ ಮುಂದೆ ಚಾಚಿದ, ಲಡಾಖಿಗೆ ಹೋಗಿ ಫೋಟೋ ಹೊಡೆಸಿಕೊಳ್ಳುವ ಹುಡುಗರು ಕೊಳ್ಳುವಂಥ ಅಡ್ವೆಂಚರ್ ಮೋಟರ್‌ಸೈಕಲ್ಲು. ಶೋರೂಮಿನ ಹುಡುಗ ಎರಡು ಸಲ ಕೇಳಿದನಂತೆ, "ಅಂಕಲ್, ಯಾರ ಸಲುವಾಗಿರಿ?" ಎಂದು.

"ಇಷ್ಟು ಎತ್ತರದ್ದು ಯಾಕ ಕಾಕಾ?" ಎಂದು ನಾನೂ ಕೇಳಿದೆ.

"ಬಸ್ಸಿನ ಸೀಟಿನಾಗ ಕೂತು ಜಗತ್ತನ್ನ ಮ್ಯಾಲಿಂದ ನೋಡಿದ ಮನಷ್ಯಾ ನಾ. ಈಗ ಸ್ಕೂಟಿ ಮ್ಯಾಲ ಕೂತು ಆಟೋದ ಹೊಗಿ ಕೊಳವಿ ನೋಡ್ಕೋತ ಹೋಗ್ಲೇನು?"

ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಗಾಡಿ ಬದಲಾಯಿತೇ ಹೊರತು ಡ್ರೈವರ್ ಬದಲಾಗಲಿಲ್ಲ. ಹಿಂದೆ ಕೂತವರು "ರೈಟ್" ಎನ್ನುವವರೆಗೆ ಗಾಡಿ ಒಂದಿಂಚು ಮುಂದೆ ಹೋಗುವುದಿಲ್ಲ. ಮೊದಲ ಸಲ ಕೂತಾಗ ನನಗಿದು ಗೊತ್ತಿರಲಿಲ್ಲ. ಸೀರೆಯುಟ್ಟು ಆ ಒಂಟೆ ಹತ್ತುವುದೇ ಒಂದು ಪರ್ವತಾರೋಹಣ. ಹತ್ತಿ, ಸೆರಗು ಸಿಕ್ಕಿಸಿಕೊಂಡು ಕೂತೆ. ಎಂಜಿನ್ ಗುಟುರು ಹಾಕುತ್ತಿದೆ. ಕಾಕಾ ಅಲುಗಾಡುತ್ತಿಲ್ಲ. ಏನಾದರೂ ಆಯಿತೇ ಎಂದು ಗಾಬರಿಯಾಗಿ ಬಗ್ಗಿ ಮುಖ ನೋಡಿದೆ.

"ಏನ್ ನೋಡ್ತಿ? ರೈಟ್ ಅನ್ನು!"

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ವಿದ್ಯಾರ್ಥಿಗಳು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಏನು ಮಾಡಲಿ? "ರೈಟ್" ಎಂದೆ. "ಜೋರಾಗಿ!" ಎಂದರು. ಕೂಗಿದೆ. ಮರುದಿನ ನಾನು ತರಗತಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ "ರೈಟ್!" ಎಂದರು.

ಅದೂ ಪರವಾಗಿಲ್ಲ. ಕಾಕಾ ಬಸ್ ನಿಲ್ದಾಣ ಕಂಡಲ್ಲೆಲ್ಲ ಗಾಡಿ ನಿಲ್ಲಿಸುತ್ತಾರೆ. ಕೇಳಿದರೆ, "ಕೈ ಕೇಳಂಗಿಲ್ಲವ್ವಾ" ಎನ್ನುತ್ತಾರೆ. ಒಂದು ಸಲ ಔರಾದಿಗೆ ಒಂದು ಮದುವೆಗೆ ಹೊರಟಿದ್ದೆವು. ಸಂತಪುರದಲ್ಲಿ ಎಂದಿನಂತೆ ನಿಲ್ಲಿಸಿದರು. ಗಂಟು ಹಿಡಿದುಕೊಂಡು ನಿಂತಿದ್ದ ಒಬ್ಬ ಮುದುಕಿ ಕಾಕಾನ ಮುಖ ನೋಡಿದಳು. ಗಾಡಿ ನೋಡಲೇ ಇಲ್ಲ, ಬರೀ ಮುಖ ನೋಡಿದಳು.

"ಡ್ರೈವರ್ ಸಾಬ್, ಔರಾದ ಹೋಗ್ತದೇನ್ರೀ?"

"ಹೋಗ್ತದ ಆಯಿ, ಹತ್ತು" ಎಂದ ಕಾಕಾ ನನ್ನ ಕಡೆ ತಿರುಗಿದರು. "ನೀ ಇಳಿ. ವಯಸ್ಸಾದವ್ರು ಬಂದಾರ, ಸೀಟ್ ಬಿಡು. ಹಿಂದಿನ ಬಸ್ಸಿಗಿ ಬಾ."

ನಂಬಿ, ಬಿಡಿ, ನನ್ನನ್ನು ಸಂತಪುರದಲ್ಲಿ ಇಳಿಸಿ, ಯಾರೋ ಏನೋ ಗೊತ್ತಿಲ್ಲದ ಮುದುಕಿಯನ್ನು ಕೂರಿಸಿಕೊಂಡು ನಮ್ಮ ಕಾಕಾ ಹೋಗಿಯೇಬಿಟ್ಟರು! ಗಂಟು ತೊಡೆಯ ಮೇಲಿಟ್ಟುಕೊಂಡ ಆಕೆ ಯಾವ ಅಳುಕೂ ಇಲ್ಲದೆ "ರೈಟ್" ಎಂದದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಮದುವೆಗೆ ತಲುಪಿದಾಗ ಊಟದ ಕೊನೆಯ ಪಂಕ್ತಿ ಎದ್ದಿತ್ತು. ಕಾಕಾ ಎಲೆಯಡಿಕೆ ಹಾಕಿಕೊಂಡು, "ಬಸ್ ಲೇಟ್ ಇತ್ತೇನು?" ಎಂದು ವಿಚಾರಿಸಿದರು.

ಇಂಥ ಮನುಷ್ಯನ ಗಾಡಿಯ ಟೈರು ಸವೆದವು ನೋಡಿ, ಅಲ್ಲಿಂದ ಶುರುವಾಯಿತು.

ಅಡ್ವೆಂಚರ್ ಗಾಡಿಗೆ ಎರಡು ಬಗೆಯ ಟೈರು ಸಿಗುತ್ತವಂತೆ. ಒಂದು, ಮೈತುಂಬ ದಪ್ಪ ದಪ್ಪ ಗಂಟುಗಳಿದ್ದು ಕೆಸರು, ಕಲ್ಲು, ಮರಳನ್ನು ಕಚ್ಚಿಕೊಂಡು ಹೋಗುವಂಥದ್ದು. ಇನ್ನೊಂದು, ಸಣ್ಣ ಗೀರುಗಳ, ನುಣ್ಣಗಿನ, ಡಾಂಬರು ರಸ್ತೆಗೆಂದೇ ಮಾಡಿದ್ದು. ಈ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಇಷ್ಟವಿದ್ದು ಅಲ್ಲ. ಮನೆಯಲ್ಲಿ, ಓಣಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಆ ಎರಡು ತಿಂಗಳು ಬೇರೆ ಮಾತೇ ಇರಲಿಲ್ಲ!

ಕಾಕಾ ಗಾಡಿಯನ್ನು ಖಾಜಾ ಭಾಯಿಯ ಟೈರ್ ಅಂಗಡಿಯಲ್ಲಿ ಬಿಟ್ಟು, "ಚಲೋ ಟೈರ್ ಹಾಕಿಡ್ರಿ ಭಾಯಿ" ಎಂದಷ್ಟೇ ಹೇಳಿ ಯಾರದೋ ಮನೆಶಾಂತಿಗೆ ಹೋಗಿದ್ದರು. ಅದೇ ಹೊತ್ತಿಗೆ ಅಲ್ಲಿಗೆ ಬಂದ ಪ್ರಶಾಂತ. ಇವನು ನಮ್ಮ ಎದುರುಮನೆಯವನು, ಊರ ಹೊರಗಿನ ಕೊಳಾರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ವಾರವೆಲ್ಲ ಗೋಣಿಚೀಲ ಎಣಿಸಿ, ಭಾನುವಾರ ಬೆಳಗಾದರೆ ಮೊಣಕಾಲಿಗೆ ಕವಚ ಕಟ್ಟಿಕೊಂಡು ಗೆಳೆಯರೊಂದಿಗೆ ಗುಡ್ಡ ಹತ್ತಲು ಹೋಗುವ ವೀರ. "ಅಡ್ವೆಂಚರ್ ಗಾಡಿಗಿ ಚಲೋ ಟೈರ್ ಅಂದ್ರ ಗಂಟಿನ ಟೈರೇ ಭಾಯಿ" ಎಂದ. ಖಾಜಾ ಭಾಯಿ ಹಾಕಿಬಿಟ್ಟರು.

ಕಾಕಾ ಬಂದು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಬೆರಳಿನಿಂದ ಒಂದು ಗಂಟನ್ನು ಒತ್ತಿದರು.

"ಇದೇನು ಭಾಯಿ, ಹಾಗಲಕಾಯಿ?"

"ಅರೆ ಡ್ರೈವರ್ ಸಾಬ್, ಶೇರ್ ಕಾ ಪಂಜಾ ಹೈ ಯೇ! ಹುಲಿ ಪಂಜಾ ಇದ್ದಂಗ ಅದ ನೋಡ್ರಿ."

"ನಿಮ್ಮ ಹುಲಿನ ಕಾಡಿಗಿ ಬಿಡ್ರಿ. ನಾ ಭಾಲ್ಕಿಗಿ ಹೋಗಾಂವ."

ಆದರೂ ಹಾಕಿದ್ದಾರಲ್ಲ, ಒಂದು ಸಲ ನೋಡೋಣ ಎಂದು ಮರುದಿನ ಬೆಳಿಗ್ಗೆ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಹಿಂದೆ ಕೂರಿಸಿಕೊಂಡು ಭಾಲ್ಕಿಗೆ ಹೋದರು. ಕಾಕುವಿನ ತವರು ಅದು. ಹೊತ್ತು ಮುಳುಗುವ ಮೊದಲು ತಿರುಗಿ ಬಂದು, ಕಾಕುವನ್ನು ಮನೆಯ ಮುಂದೆ ಇಳಿಸಿ, ನೀರು ಸಹ ಕುಡಿಯದೆ ಸೀದಾ ಖಾಜಾ ಭಾಯಿಯ ಅಂಗಡಿಗೆ ಹೋದರು.

"ಕೀಳ್ರಿ ಇವನ್ನ. ನುಣ್ಣನ್ನ ರೋಡ್ ಟೈರ್ ಹಾಕ್ರಿ."

ಅಲ್ಲೇ ಇದ್ದ ಪ್ರಶಾಂತನಿಗೆ ಎದೆಗೆ ಒದ್ದಂತಾಯಿತು. "ಕಾಕಾ, ಇಂಥಾ ಗಾಡಿಗಿ ರೋಡ್ ಟೈರ್ ಹಾಕೋದು ಅಂದ್ರ... ಪೈಲವಾನಗ ಪಂಪ್‌ಶೂ ಹಾಕ್ಸಿದಂಗ ಆಗ್ತದ್ರೀ! ಈ ಗಾಡಿ ಹುಟ್ಟಿದ್ದೇ ಆಫ್‌ರೋಡಿಗಿ."

"ಆಫ್‌ರೋಡ್ ಅಂದ್ರ ಏನೋ?"

"ಅಂದ್ರ... ರಸ್ತಿ ಇಲ್ಲದ ಜಾಗಾ ಕಾಕಾ."

"ಪ್ರಶಾಂತಾ, ಔರಾದ ದಾರಿ ಡಾಂಬರ್ ಕಾಣೋದಕ್ಕಿಂತ ಮೊದಲಿಂದ ನಾ ಅಲ್ಲಿ ಬಸ್ ಹೊಡದೀನಿ. ನೀ ಹೇಳೋ ಆಫ್‌ರೋಡ್ ನಾ ಪಗಾರ ತೊಗೊಂಡು ಮಾಡೀನಿ. ಹಿಂದ ಐವತ್ತು ಮಂದಿ, ಮ್ಯಾಲ ಆಡು, ಕೋಳಿ, ಎಣ್ಣಿ ಡಬ್ಬಿ. ಈಗ ಸರಕಾರ ಕಡೀಗಿ ರಸ್ತಿ ಮಾಡ್ಯಾದ. ಅದನ್ನ ಬಿಟ್ಟು ನಾ ಶೌಕಿಗಿ ತಗ್ಗಿನಾಗ ಬೀಳ್ಬೇಕಾ?"

ಕಾಕಾ ಡಾಂಬರನ್ನು ಪ್ರೀತಿಸುವ ಪರಿ ಪ್ರಶಾಂತನಿಗೇನು ಗೊತ್ತು? ಔರಾದ್ ರಸ್ತೆಗೆ ಹೊಸ ಡಾಂಬರು ಹಾಕಿದಾಗ, ಜನ ಬಾಣಂತಿಯನ್ನು ನೋಡಲು ಹೋಗುತ್ತಾರಲ್ಲ, ಹಾಗೆ ಹೋಗಿ ನೋಡಿ ಬಂದವರು ಅವರು. ಚಪ್ಪಲಿ ಕಳಚಿಟ್ಟು ಅದರ ಮೇಲೆ ಅಷ್ಟು ದೂರ ನಡೆದರಂತೆ. ಮನೆಗೆ ಬಂದು ಅಂಗಾಲಿನ ಕಪ್ಪು ತೋರಿಸಿ, "ಹ್ಯಾಂಗ ಹತ್ಯಾದ ನೋಡು, ಅಸಲಿ ಮಾಲು" ಎಂದರಂತೆ. ಕಾಕು ಆ ಕಾಲು ತಿಕ್ಕಲು ಅರ್ಧ ಶೀಶೆ ಸೀಮೆಎಣ್ಣೆ ಖರ್ಚು ಮಾಡಿದಳು.

ಹೀಗೆ ರೋಡ್ ಟೈರು ಬಂದವು. ಆದರೆ ಊರು ಬಿಡಬೇಕಲ್ಲ! ಬೀದರಿನಲ್ಲಿ ಟೈರಿನ ಬಗ್ಗೆ ಅಭಿಪ್ರಾಯ ಇಲ್ಲದ ಮನುಷ್ಯನೇ ಇಲ್ಲ ಎಂದು ನನಗೆ ಆಗ ತಿಳಿಯಿತು. ಔಷಧಿ ಅಂಗಡಿಯವನು ಚೀಟಿ ಓದುವುದು ಬಿಟ್ಟು ಗಂಟಿನ ಟೈರಿನ ಗುಣಗಾನ ಮಾಡಿದ. ಹಾಲು ಹಾಕುವವನು, "ಕಾಕಾ, ಗಾಡಿ ನೋಡಿದ್ರ ಹುಲಿ, ಕೆಳಗ ನೋಡಿದ್ರ ಬೆಕ್ಕು" ಎಂದ. ಮರುದಿನದಿಂದ ಕಾಕಾ ಹಾಲಿನವನನ್ನೇ ಬದಲಾಯಿಸಿದರು. ಟೈರು ಬದಲಾಯಿಸಲಿಲ್ಲ.

ಪ್ರಶಾಂತನ ತಂಡದ ಹುಡುಗರಂತೂ ಕಾಕಾ ಎದುರಾದಾಗಲೆಲ್ಲ, "ಏನ್ ಕಾಕಾ, ಟೈರಿಗಿ ಮಣ್ಣು ಹತ್ತೇತೋ ಇಲ್ಲೋ?" ಎಂದು ಚುಚ್ಚತೊಡಗಿದರು. ಕೊನೆಗೆ ಒಂದು ಮಳೆಗಾಲದ ಭಾನುವಾರ ಸವಾಲೇ ಹಾಕಿದರು. ಸಂತಪುರದ ಆಚೆ ಹೊಲಗಳ ನಡುವೆ ಒಂದು ಕೆರೆಯಿದೆ, ಅಲ್ಲಿಯವರೆಗೆ ಬಂದು ತೋರಿಸಿ ಎಂದರು.

"ರಸ್ತಿ ಅದ ಏನು?"

"ದಾರಿ ಅದ ಕಾಕಾ."

"ದಾರಿ ಬ್ಯಾರೆ, ರಸ್ತಿ ಬ್ಯಾರೆ" ಎಂದು ಅಲ್ಲಿಗೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಯಾರೋ ಒಬ್ಬ, "ಬಿಡ್ರಿ, ಕಾಕಾ ಅಂಜ್ಯಾರ" ಎಂದುಬಿಟ್ಟ. ಸರಕಾರಿ ಬಸ್ ಡ್ರೈವರನಿಗೆ ಹೇಳುವ ಮಾತೇ ಅದು? ಕಾಕಾ ಹೆಲ್ಮೆಟ್ ಹಾಕಿಕೊಂಡರು.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಆದರೆ ಹುಡುಗರು ವಿಡಿಯೊ ಮಾಡಿದ್ದರಿಂದ ನಾನೂ ನೋಡಿದೆ, ಬೀದರೂ ನೋಡಿತು, ಭಾಲ್ಕಿಯ ಬೀಗರೂ ನೋಡಿದರು. ಡಾಂಬರು ಇರುವವರೆಗೆ ಕಾಕಾ ಮದುವಣಿಗನಂತೆ ಎಲ್ಲರಿಗಿಂತ ಮುಂದಿದ್ದಾರೆ. ಹೊಲದ ದಾರಿಗೆ ಇಳಿಯುತ್ತಾರೆ. ರಾತ್ರಿ ಮಳೆ ಕುಡಿದ ಎರೆಮಣ್ಣು, ನೋಡಲು ನಿರುಪದ್ರವಿ. ಗಾಡಿ ನಾಲ್ಕು ಮಾರು ಹೋಗುವುದರೊಳಗೆ ಆ ಸಣ್ಣ ಸಣ್ಣ ಗೀರುಗಳಲ್ಲಿ ಹೋಳಿಗೆಗೆ ಹೂರಣ ತುಂಬಿದಂತೆ ಮಣ್ಣು ತುಂಬಿ, ಟೈರು ಬೋಳಾಗಿ, ಒಂಟೆ ಮೊದಲು ಎಡಕ್ಕೆ ನೋಡಿತು, ಆಮೇಲೆ ಬಲಕ್ಕೆ ನೋಡಿತು, ಆಮೇಲೆ ಬಹಳ ನಿಧಾನವಾಗಿ, ಗೌರವಪೂರ್ವಕವಾಗಿ ಮಲಗಿತು. ಕಾಕಾ ಪಕ್ಕದ ತೊಗರಿ ಹೊಲದಲ್ಲಿ ಕೂತಿದ್ದಾರೆ.

"ಕಾಕಾ, ಬಿದ್ರೇನ್ರೀ?" ಎಂದು ಪ್ರಶಾಂತ ಓಡಿ ಬರುತ್ತಾನೆ.

"ಬಿದ್ದಿಲ್ಲ. ಇಳದೀನಿ."

"ನೋಡಿದ್ರೇನು? ನಾವು ಹೇಳಿದ್ವಿಲ್ಲ, ಈ ಟೈರ್ ನಡಿಯಂಗಿಲ್ಲ ಅಂತ?"

"ಟೈರಿಂದೇನು ತಪ್ಪೋ? ಇಲ್ಲಿ ರಸ್ತಿನೇ ಇಲ್ಲ!"

"ಅದೇ ಅಲ್ಲೇನ್ರೀ ಕಾಕಾ ನಾವು ಹೇಳ್ಲಿಕತ್ತಿದ್ದು!"

"ಅದೇ ಅಲ್ಲೇನೋ ನಾನೂ ಹೇಳ್ಲಿಕತ್ತಿದ್ದು!"

ವಿಡಿಯೊ ಇಲ್ಲಿಗೆ ಮುಗಿಯುತ್ತದೆ. ಅದರಲ್ಲಿ ಇಲ್ಲದ್ದು ಏನೆಂದರೆ, ಎದ್ದು ನಿಲ್ಲಲು ನೆಲಕ್ಕೆ ಕೈ ಊರಿದಾಗ ಕಾಕಾನ ಮುಖ ಬಿಳಚಿಕೊಂಡದ್ದು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ರಶಾಂತನೇ ಆಸ್ಪತ್ರೆಗೆ ಕರೆತಂದ. ಪ್ಲಾಸ್ಟರ್ ಹಾಕುವ ಡಾಕ್ಟರರು, ಪಾಪ, ಏನೋ ಮಾತಿಗೆ, "ಈ ಗಾಡಿಗಿ ಗಂಟಿನ ಟೈರ್ ಬರ್ತಾವಲ್ಲ?" ಎಂದರಂತೆ. ಕಾಕಾ ಇನ್ನೊಂದು ಕೈ ಕೊಟ್ಟು, "ಇದನ್ನೂ ಮುರೀರಿ, ಆದ್ರ ಆ ಮಾತು ಎತ್ತಬ್ಯಾಡ್ರಿ" ಎಂದರಂತೆ.

ಸುದ್ದಿ ಉದಗೀರಿಗೆ ಮುಟ್ಟಿತು. ಅಲ್ಲಿ ಕಾಕಾನ ಒಬ್ಬಳೇ ಮಗಳು ಸವಿತಾ ಇದ್ದಾಳೆ. ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ. ಜನರ ರಕ್ತ ಹೀರುವುದೇ ಅವಳ ಕಸುಬು ಎಂದು ನಾವು ಚೇಷ್ಟೆ ಮಾಡುವುದುಂಟು. ಹಟದಲ್ಲಿ ಅಪ್ಪನ ಪಡಿಯಚ್ಚು. ಮೊದಲ ಬಸ್ಸಿಗೆ ಬಂದಿಳಿದಳು. ಆ ಮಧ್ಯಾಹ್ನ ಕಾಕಾನ ಪಡಸಾಲೆಯಲ್ಲಿ ದೊಡ್ಡ ಸಭೆ. ಮಂಚದ ಮೇಲೆ ಕೈಗೆ ಜೋಳಿಗೆ ಕಟ್ಟಿಕೊಂಡ ಕಾಕಾ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟ ಸವಿತಾ. ಮೂಲೆಯಲ್ಲಿ ಮೋಸಂಬಿ ಚೀಲ ಹಿಡಿದುಕೊಂಡು ಅಪರಾಧಿಯಂತೆ ನಿಂತ ಪ್ರಶಾಂತ. ಬಾಗಿಲ ಬಳಿ ನಾನು. ಕಾಕು ಒಳಗೆ ಚುರುಮುರಿ ಸುಸಲಕ್ಕೆ ಒಗ್ಗರಣೆ ಹಾಕುತ್ತಿದ್ದಳು.

"ಗಾಡಿ ಮಾರ್ರಿ ಅಪ್ಪಾ" ಎಂದಳು ಸವಿತಾ.

"ಮಾರಂಗಿಲ್ಲ."

"ಹಂಗಾದ್ರ ಆ ಟೈರ್ ಆದ್ರೂ ಬದಲಸ್ರಿ."

"ನಾನೇ ಹಾಕ್ಸಿ ಕೊಡ್ತೇನಿ ಕಾಕಾ" ಎಂದ ಪ್ರಶಾಂತ ಮೂಲೆಯಿಂದ.

"ಗಾಡಿ ಮಾರಂಗಿಲ್ಲ. ಟೈರ್ ಬದಲಸಂಗಿಲ್ಲ. ಬೇಕಾದ್ರ ಕೈ ಬದಲಸ್ರಿ!"

ನನಗೆ ನಗು ತಡೆಯಲಾಗಲಿಲ್ಲ. ಸವಿತಾ ನಗಲಿಲ್ಲ. ಅವಳ ಮುಖ ಕೆಂಪಾಯಿತು.

"ನಿಮಗ ನಿಮ್ಮ ಹಟಾನೇ ದೊಡ್ಡದು. ನೌಕರಿ ಇದ್ದಾಗ ಬಸ್, ಬಸ್, ಬಸ್. ಈಗ ಗಾಡಿ, ಟೈರ್, ರಸ್ತಿ. ಹಿಂದ ಅವ್ವ ಕೂಡ್ತಾಳ, ಆಕಿ ಬಿದ್ದಿದ್ರ? ಆಕಿಗೇನು ಬೇಕು ಅಂತ ಕೇಳೀರಾ? ಈ ಜಲ್ಮದಾಗ ಒಮ್ಮೆರ ಆಕಿ ಮಾತು ಕೇಳೀರೇನ್ರೀ ಅಪ್ಪಾ?"

ಒಳಗಿನ ಒಗ್ಗರಣೆಯ ಸದ್ದು ನಿಂತಿತು. ಕಾಕಾ ಈಗ ಸಿಡಿಯುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು. ಆಮೇಲೆ, ಅವರದಲ್ಲವೇ ಅಲ್ಲ ಎನ್ನಿಸುವಂಥ ಸಣ್ಣ ದನಿಯಲ್ಲಿ ಹೇಳಿದರು:

"ಅದಕ್ಕೇ ಅಲ್ಲೇನವ್ವಾ ಟೈರ್ ಬದಲಸಿದ್ದು."

"ಅಂದ್ರ?"

"ಆ ಹಾಗಲಕಾಯಿ ಟೈರ್ ರಸ್ತಿ ಮ್ಯಾಲ ಗುಂಯ್ ಅಂತ ಒದರ್ತಾವ. ಭಾಲ್ಕಿ ಮುಟ್ಟೂತನಕ ನಿಮ್ಮವ್ವ ಹಿಂದ ಏನೋ ಹೇಳ್ಕೋತ ಬಂದ್ಲು. ಮೊದಲೇ ಎಂಜಿನ್ ಬಾಜೂಕ ಕೂತು ಕೂತು ಕಿವಿ ಮಂದ ಆಗ್ಯಾವ. ಒಂದು ಅಕ್ಷರ ಕೇಳಸ್ಲಿಲ್ಲ. ಇಳದ ಮ್ಯಾಲ, 'ಹೇಳಿದ್ದು ತಿಳೀತೇನ್ರೀ?' ಅಂತ ಕೇಳಿದ್ಲು. ಹ್ಞೂಂ ಅಂದೆ. ಸುಳ್ಳು ಹೇಳಿದ್ದು ಆಕಿಗಿ ತಿಳದು ಬಿಡ್ತು."

ಸವಿತಾ ತಿರುಗಿ ನೋಡಿದಳು. ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಸ ಸೊಸೆಯಂತೆ ನಾಚಿಕೊಂಡಿದ್ದಳು.

"ಮನ್ಯಾಗ ಹೇಳಬೇಕಿಲ್ಲೇನವ್ವಾ?" ಎಂದಳು ಸವಿತಾ.

"ಮನ್ಯಾಗ ಕೂತ್ರ ಇವ್ರಿಗಿ ನಿದ್ದಿ ಬರ್ತದ. ಗಾಡಿ ಹೊಡಿವಾಗ ಒಂದೇ ಇವ್ರು ಎಚ್ಚರ ಇರೋದು" ಎಂದಳು ಕಾಕು. ಆಮೇಲೆ ನನ್ನ ಕಡೆ ನೋಡಿ, ಏನೋ ತಪ್ಪು ಮಾಡಿದವಳಂತೆ ಮುಂದುವರಿಸಿದಳು. "ಬಸ್ಸಿನಾಗ ಬರದಿರ್ತದಲ್ಲ, ಡ್ರೈವರ್ ಜೋಡಿ ಮಾತಾಡಬಾರದು ಅಂತ. ನಾ ಅದನ್ನ ಮನ್ಯಾಗೂ ನಡಸಿದೆ. ದಣದು ಬರ್ತಿದ್ರು, ಉಂಡು ಮಲಗ್ತಿದ್ರು. ಇಲ್ಲಂದ್ರ ಯಾವುದಾದ್ರೂ ಊರಾಗ ನೈಟ್ ಹಾಲ್ಟ್. ಹೇಳೋದು ಎಲ್ಲಾ ಹಂಗೇ ಉಳೀತು. ಈಗ ಹೇಳ್ಲಿಕತ್ತೀನಿ."

"ಏನ್ ಹೇಳ್ತೀ ಕಾಕು?" ಎಂದೆ.

"ಇವ್ರು ಇಲ್ಲದಾಗ ಮನ್ಯಾಗ ಏನೇನಾತು, ಅದು. ಲಗ್ನ ಆದ ವರ್ಷದಿಂದ ಸುರು ಮಾಡೀನಿ. ಅತ್ತಿಯವ್ರು ಬೈದದ್ದು, ಗ್ವಾಡಿ ಬಿದ್ದದ್ದು, ಸವಿತಾ ಹುಟ್ಟಿದ ದಿನ ದವಾಖಾನಿಗಿ ಯಾರು ಕರಕೊಂಡು ಹೋದ್ರು... ಭಾಲ್ಕಿಗಿ ಹೋಗಿ ಬರೂದ್ರಾಗ ಒಂದು ವರ್ಷದ್ದು ಆಗ್ತದ. ಔರಾದಿಗಿ ಹೋದ್ರ ಸ್ವಲ್ಪ ಹೆಚ್ಚು."

"ಈಗ ಎಲ್ಲಿ ತನಕ ಬಂದೀರಿ?" ಎಂದು ಕೇಳಿದೆ.

ಕಾಕು ಹೇಳುವ ಮೊದಲೇ ಕಾಕಾ ಸವಿತಾಳತ್ತ ಗದ್ದ ತೋರಿಸಿ ಹೇಳಿದರು. "ಇಕಿ ಸಾಲಿಗಿ ಸೇರ್ಯಾಳ. ಹೊಸಾ ಪಾಟಿ ಒಡಕೊಂಡು ಬಂದಾಳ. ಅಳ್ಲಿಕತ್ತಾಳ."

ಪ್ರಶಾಂತ ಮೋಸಂಬಿ ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ. ಸೊಂಟದ ಮೇಲಿದ್ದ ಸವಿತಾಳ ಕೈಗಳು ಯಾವಾಗಲೋ ಕೆಳಗಿಳಿದಿದ್ದವು. ಮಂಚದ ತುದಿಗೆ ಅಪ್ಪನ ಪಕ್ಕ ಕೂತಳು. ಮೂಗು ಒರೆಸಿಕೊಂಡು ಬಾಯಿ ತೆರೆದಳು.

"ಅಪ್ಪಾ, ನಾ ಮೂರನೇ ಕ್ಲಾಸಿನಾಗ ಇದ್ದಾಗ ಸಾಲ್ಯಾಗ ಗ್ಯಾದರಿಂಗ್ ಇತ್ತು. ಅವತ್ತ ನಾ ಹಾಡಾ ಹೇಳ್ಬೇಕಾಗಿತ್ತು. ನೀವು ಬರ್ತೀರಂತ ನಾ ಬಾಗಲಾ ನೋಡ್ಕೋತ..."

ಕಾಕಾ ಪ್ಲಾಸ್ಟರಿನ ಕೈಯನ್ನೇ ಜೋಳಿಗೆಯಿಂದ ತೆಗೆದು, ನೋವಿಗೆ ಹಲ್ಲು ಕಚ್ಚಿ, ಅವಳ ಮುಂದೆ ಅಡ್ಡ ಹಿಡಿದರು.

"ಹೇಳಬ್ಯಾಡವ್ವಾ, ಹೇಳಬ್ಯಾಡ! ನಾವು ಇನ್ನಾ ಅಲ್ಲಿಗಿ ಮುಟ್ಟಿಲ್ಲ."